ದೂರ ಹೋದ ಮಕ್ಕಳು ಮತ್ತು ನೆರೆಮನೆಯ ಕನ್‌ಫ್ಯೂಷಿಯಸ್

(ಕೂಟದ ವಾರ್ಷಿಕೋತ್ಸವದಂದು ಜಾನ್ಸ್ ಕ್ರೀಕ್‌ನಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯನ ಕೈಗೆ ಮೈಕು ಕೊಟ್ಟರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಈ ಮೂರರಲ್ಲಿ ಒಂದರ ಮೇಲೆ ಮಾತನಾಡುತ್ತಾನೆ ಎಂಬುದು ನಮ್ಮ ಕೂಟದ ಅನುಭವ. ಊಟಕ್ಕೆ ಮುಂಚೆ ಅಂಥ ಭಾಷಣ ಮಾಡಿ ನಿಮ್ಮ ಹೋಳಿಗೆಯ ರುಚಿ ಕೆಡಿಸಿದ ಪಾಪ ನನ್ನ ಮೇಲೂ ಇದೆ. ಈ ಸಲ ಪ್ರಾಯಶ್ಚಿತ್ತವಾಗಿ ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಎರಡೂವರೆ ಸಾವಿರ ವರ್ಷದ ಹಿಂದೆ ಚೀನಾದಲ್ಲಿದ್ದ ಒಬ್ಬ ಮೇಷ್ಟರ ವಿಷಯ. ಕನ್ನಡ ಕೂಟದಲ್ಲಿ ಚೀನಾ ಏಕೆ ಎಂದು ಕೇಳಬಹುದು. ನಮ್ಮ ಹಿತ್ತಲಿನ ಬೇಲಿಯಿಂದಲೇ ಶುರು ಮಾಡುತ್ತೇನೆ.

ನನ್ನ ತಾಯಿ ಅರಸೀಕೆರೆಯಿಂದ ಆರು ತಿಂಗಳ ವೀಸಾದ ಮೇಲೆ ಬಂದಾಗ ಅವರಿಗೆ ಇಲ್ಲಿ ಸಿಕ್ಕ ಮೊದಲ ಗೆಳತಿ ಕನ್ನಡದವರಲ್ಲ, ಪಕ್ಕದ ಮನೆಯ ಚೀನೀ ಅಜ್ಜಿ. ಇವರಿಗೆ ಚೀನೀ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರಿಗೂ ಇಂಗ್ಲಿಷ್ ಬಾರದು. ಆದರೆ ಜಾರ್ಜಿಯಾದ ಕೆಮ್ಮಣ್ಣಿನಲ್ಲಿ ಆ ಅಜ್ಜಿ ಬೆಳೆದಿದ್ದು ದಂಟಿನ ಸೊಪ್ಪು ಮತ್ತು ಹಾಗಲಕಾಯಿ. ಅಮ್ಮನಿಗೆ ಅಷ್ಟು ಸಾಕಾಯಿತು. ಸಂಜೆ ಇಬ್ಬರೂ ನ್ಯೂಟೌನ್ ಪಾರ್ಕಿನಲ್ಲಿ ಜೊತೆಯಾಗಿ ನಡೆಯುತ್ತಿದ್ದರು. ಏನು ಮಾತನಾಡಿಕೊಳ್ಳುತ್ತೀರಿ ಎಂದು ಕೇಳಿದರೆ ಅಮ್ಮ, "ಸೊಸೆಯಂದಿರ ವಿಷಯ. ಅದಕ್ಕೆ ಭಾಷೆ ಯಾಕೋ ಬೇಕು?" ಎಂದರು. ನನ್ನ ಹೆಂಡತಿ ಇಲ್ಲೇ ಕುಳಿತಿದ್ದಾಳೆ, ಆದ್ದರಿಂದ ಮುಂದಕ್ಕೆ ಹೋಗುತ್ತೇನೆ.

ಆ ಮನೆಯ ಹುಡುಗನಿಂದ ನಾನೊಂದು ಸಂಗತಿ ಕಲಿತೆ. ಅವನಿಗೆ ಅಪ್ಪನ ಅಣ್ಣ ಬೋಬೋ, ಅಪ್ಪನ ತಮ್ಮ ಶುಶು, ಅಮ್ಮನ ಅಣ್ಣತಮ್ಮಂದಿರು ಜಿಯುಜಿಯು. ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಇದ್ದ ಹಾಗೆಯೇ. ಅಣ್ಣನಿಗೊಂದು ಮಾತು, ತಮ್ಮನಿಗೊಂದು, ಅಕ್ಕನಿಗೊಂದು, ತಂಗಿಗೊಂದು. ಇಂಗ್ಲಿಷಿನ ಅಂಕಲ್ ಎಂಬ ಒಂದೇ ಪದ ಇವರೆಲ್ಲರನ್ನೂ ನುಂಗಿ ನೀರು ಕುಡಿದಿದೆ. ಈ ಪದಗಳನ್ನು ಕನ್‌ಫ್ಯೂಷಿಯಸ್ ಕಂಡುಹಿಡಿಯಲಿಲ್ಲ. ಆದರೆ ಹೆಸರು ಸರಿಯಾಗಿದ್ದರೆ ಸಂಬಂಧ ಸರಿಯಾಗಿರುತ್ತದೆ, ಸಂಬಂಧ ಸರಿಯಾಗಿದ್ದರೆ ರಾಜ್ಯ ಸರಿಯಾಗಿರುತ್ತದೆ ಎಂದು ವಾದಿಸಿದವನು ಆತ. ತಂದೆ ತಂದೆಯಂತಿರಬೇಕು, ಮಗ ಮಗನಂತಿರಬೇಕು, ಅರಸ ಅರಸನಂತಿರಬೇಕು. ಆತನ ವಿಚಾರದ ತಿರುಳು ಇದು.

ಆತನ ಕಾಲ ಕ್ರಿ.ಪೂ. 551ರಿಂದ 479. ಇಂದಿನ ಶಾನ್‌ಡಾಂಗ್ ಪ್ರಾಂತದ ಚೂಫು ಎಂಬ ಊರಿನವನು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ, ತಾಯಿ ಕಷ್ಟಪಟ್ಟು ಬೆಳೆಸಿದಳು. ಮಂತ್ರಿಯಾಗಿ ರಾಜ್ಯವನ್ನು ನೇರ್ಪಡಿಸಬೇಕೆಂಬ ಆಸೆಯಿತ್ತು, ಅದು ಕೈಗೂಡಲಿಲ್ಲ. ಕೆಲಸ ಕೊಡುವ ಅರಸನನ್ನು ಹುಡುಕುತ್ತ ಸುಮಾರು ಹದಿನಾಲ್ಕು ವರ್ಷ ರಾಜ್ಯದಿಂದ ರಾಜ್ಯಕ್ಕೆ ಅಲೆದು, ಕೊನೆಗೆ ಊರಿಗೆ ಮರಳಿ ಪಾಠ ಹೇಳಿಕೊಂಡಿದ್ದ. ದೇವರು, ಪರಲೋಕಗಳ ಬಗ್ಗೆ ಆತ ಹೆಚ್ಚು ಮಾತನಾಡಲಿಲ್ಲ. ಶಿಷ್ಯರು ಸಂಗ್ರಹಿಸಿದ ಆತನ ಮಾತುಗಳ ಪುಸ್ತಕ ಲೂನ್ಯೂ ಎಂಬುದು ನಮ್ಮ ಕೈಗಿರುವ ಮುಖ್ಯ ಆಧಾರ. ಅದರಲ್ಲಿ ಮತ್ತೆ ಮತ್ತೆ ಬರುವ ಪದಗಳು ರೆನ್, ಲೀ, ಶ್ಯಾವ್. ರೆನ್ ಎಂದರೆ ಮಾನವೀಯತೆ. ಆ ಅಕ್ಷರದಲ್ಲಿ ಮನುಷ್ಯ ಮತ್ತು ಎರಡು ಎಂಬ ಗುರುತುಗಳಿವೆ. ಲೀ ಎಂದರೆ ನಡವಳಿಕೆ, ಆಚಾರ, ಮರ್ಯಾದೆ ಎಲ್ಲವೂ ಸೇರಿದ್ದು. ಶ್ಯಾವ್ ಎಂದರೆ ತಂದೆತಾಯಿಗೆ ಮಕ್ಕಳು ಸಲ್ಲಿಸಬೇಕಾದದ್ದು. ಆ ಅಕ್ಷರ ಬರೆಯುವಾಗ ಮೇಲೆ ಮುದುಕನ ಗುರುತು, ಕೆಳಗೆ ಮಗುವಿನ ಗುರುತು. ನೋಡಿದೊಡನೆ ನನಗೆ ನೆನಪಾದದ್ದು ನಮ್ಮ ಶ್ರವಣಕುಮಾರನ ಕಾವಡಿ.

ಆತ ಸತ್ತ ಮೇಲೆ ನಡೆದದ್ದು ದೊಡ್ಡ ಕಥೆ, ಬೇಗ ದಾಟುತ್ತೇನೆ. ಕ್ರಿ.ಪೂ. 213ರಲ್ಲಿ ಚಿನ್ ವಂಶದ ಮೊದಲ ಚಕ್ರವರ್ತಿ ಹಳೆಯ ಗ್ರಂಥಗಳನ್ನು ಸುಡಿಸಿದ. ತೊಂಬತ್ತು ವರ್ಷ ಕಳೆಯುವುದರೊಳಗೆ ಹಾನ್ ವಂಶದ ವೂ ಚಕ್ರವರ್ತಿ ಅದೇ ಗ್ರಂಥಗಳಿಗೆ ಪಂಡಿತರನ್ನು ನೇಮಿಸಿ, ರಾಜಧಾನಿಯಲ್ಲಿ ವಿದ್ಯಾಲಯ ತೆರೆದ. ಮುಂದೆ ಏಳನೆಯ ಶತಮಾನದ ಆರಂಭದ ಹೊತ್ತಿಗೆ ಸರ್ಕಾರಿ ಹುದ್ದೆಗೆ ಪರೀಕ್ಷೆ ಬಂತು. ಈ ಪರೀಕ್ಷಾ ಪದ್ಧತಿ 1905ರವರೆಗೆ, ಅಂದರೆ ಸುಮಾರು ಸಾವಿರದ ಮುನ್ನೂರು ವರ್ಷ ನಡೆಯಿತು. ಹನ್ನೆರಡನೆಯ ಶತಮಾನದಲ್ಲಿ, ನಮ್ಮಲ್ಲಿ ಬಸವಣ್ಣನವರು ಕಲ್ಯಾಣದಲ್ಲಿದ್ದ ಕಾಲದ ಆಸುಪಾಸಿನಲ್ಲಿ ಹುಟ್ಟಿದ ಜೂ ಶೀ ಎಂಬ ಪಂಡಿತ ಬರೆದ ವ್ಯಾಖ್ಯಾನವೇ ಆರುನೂರು ವರ್ಷ ಪಠ್ಯವಾಗಿತ್ತು. ನಾನ್‌ಜಿಂಗ್ ನಗರದ ಪರೀಕ್ಷಾ ಭವನದಲ್ಲಿ ಇಪ್ಪತ್ತು ಸಾವಿರ ಗೂಡುಗಳಿದ್ದವು. ಒಬ್ಬೊಬ್ಬ ಅಭ್ಯರ್ಥಿ ಒಂದೊಂದು ಗೂಡಿನಲ್ಲಿ ಹಗಲು ರಾತ್ರಿ ಕುಳಿತು ಬರೆಯಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು.

ಒಳ್ಳೆಯದೇ ಆಯಿತು ಎನ್ನಬಹುದು. ಹುಟ್ಟಿನ ಬಲವಿಲ್ಲದೆ ಓದಿನ ಬಲದಿಂದ ಮೇಲೆ ಬರುವ ದಾರಿ ಅದು. ಆದರೆ ಪಾಸಾಗದವರ ಗತಿ? ಹೋಂಗ್ ಶಿಯುಚ್ವಾನ್ ಎಂಬ ದಕ್ಷಿಣ ಚೀನಾದ ಹಳ್ಳಿಯ ಹುಡುಗನ ಮೇಲೆ ಮನೆಯವರೆಲ್ಲ ಆಸೆ ಇಟ್ಟಿದ್ದರು. ಮತ್ತೆ ಮತ್ತೆ ಬರೆದ, ಮತ್ತೆ ಮತ್ತೆ ಫೇಲಾದ. 1837ರಲ್ಲಿ ಫೇಲಾದ ಮೇಲೆ ಕಾಯಿಲೆ ಬಿದ್ದು, ಜ್ವರದ ಭ್ರಮೆಯಲ್ಲಿ ಏನೇನೋ ಕಂಡ. ಮುಂದೆ ತಾನು ಯೇಸುವಿನ ತಮ್ಮನೆಂದು ಸಾರಿ ದಂಗೆ ಎಬ್ಬಿಸಿದ. 1850ರಿಂದ 1864ರವರೆಗೆ ನಡೆದ ಆ ತೈಪಿಂಗ್ ದಂಗೆಯಲ್ಲಿ ಎರಡು ಕೋಟಿ ಜನ ಸತ್ತರೆಂದು ಅಂದಾಜು. ಸಿ.ಇ.ಟಿ. ರ್ಯಾಂಕಿನ ಕಾಲದಲ್ಲಿ ಬೆಳೆದು, ಫಲಿತಾಂಶದ ದಿನ ಅಪ್ಪನ ಮುಖ ನೋಡಲು ಹೆದರಿ ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕುಳಿತಿದ್ದವನು ನಾನು. ಹೋಂಗ್‌ನ ಕಥೆ ಓದಿದಾಗ ನನಗೆ ನಗು ಬರಲಿಲ್ಲ. ಶನಿವಾರ ಬೆಳಿಗ್ಗೆ ಮೆಡ್‌ಲಾಕ್ ಬ್ರಿಡ್ಜ್ ರಸ್ತೆಯಲ್ಲಿ ಟ್ಯೂಷನ್ನಿಗೆ ಮಕ್ಕಳನ್ನು ಇಳಿಸುವ ಕಾರುಗಳ ಸಾಲಿನಲ್ಲಿ ಚೀನೀಯರು, ಕೊರಿಯನ್ನರು, ನಾವು ಒಬ್ಬರ ಹಿಂದೆ ಒಬ್ಬರು ನಿಂತಿರುತ್ತೇವಲ್ಲ, ಆಗ ಆ ಇಪ್ಪತ್ತು ಸಾವಿರ ಗೂಡುಗಳು ನನ್ನ ಕಣ್ಣ ಮುಂದೆ ಬರುತ್ತವೆ.

ಇನ್ನು ಶ್ಯಾವ್. ಇದರ ಮೇಲೇ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಆಸೆ.

ಕನ್‌ಫ್ಯೂಷಿಯಸ್ ಹೇಳಿದ್ದು ಮೃದುವಾಗಿಯೇ ಇತ್ತು. ತಂದೆತಾಯಿಗೆ ಅನ್ನ ಹಾಕಿದರೆ ಸಾಲದು, ಗೌರವ ಇರಬೇಕು. ಅನ್ನವನ್ನು ಮನೆಯ ಪ್ರಾಣಿಗಳಿಗೂ ಹಾಕುತ್ತೇವೆ ಎಂಬುದು ಆತನ ಅಭಿಪ್ರಾಯ. ಆದರೆ ಒಳ್ಳೆಯ ಮಾತು ಪಠ್ಯವಾಗಿ, ಕಾನೂನಾಗಿ, ಊರಿನವರ ಕಣ್ಣಾಗಿ ಮಾರ್ಪಟ್ಟಾಗ ಅದರ ರೂಪವೇ ಬೇರೆ. ಯುವಾನ್ ವಂಶದ ಕಾಲದಲ್ಲಿ ಇಪ್ಪತ್ತನಾಲ್ಕು ಆದರ್ಶ ಮಕ್ಕಳ ಕಥೆಗಳ ಸಂಗ್ರಹವೊಂದು ಬಂತು. ಚೀನಾದ ಮಕ್ಕಳು ಅದನ್ನು ಓದುತ್ತಲೇ ಬೆಳೆದರು. ಒಬ್ಬ ಬೇಸಿಗೆಯಲ್ಲಿ ತಂದೆಯ ದಿಂಬಿಗೆ ಗಾಳಿ ಬೀಸುತ್ತಾನೆ, ಚಳಿಗಾಲದಲ್ಲಿ ಹಾಸಿಗೆಯನ್ನು ಮೈಶಾಖದಿಂದ ಬೆಚ್ಚಗೆ ಮಾಡುತ್ತಾನೆ. ಚೆನ್ನಾಗಿದೆ. ಇನ್ನೊಬ್ಬ ತಂದೆಯ ಕಾಯಿಲೆ ಎಷ್ಟು ಕೆಟ್ಟಿದೆಯೆಂದು ತಿಳಿಯಲು ವೈದ್ಯನ ಮಾತಿನಂತೆ ತಂದೆಯ ಮಲದ ರುಚಿ ನೋಡುತ್ತಾನೆ, ಸಿಹಿಯಾಗಿತ್ತಂತೆ. ಲ್ಯಾಬ್ ಟೆಸ್ಟಿಗೆ ಬಿಲ್ ಜಾಸ್ತಿಯಾಯಿತೆಂದು ನನ್ನ ಹತ್ತಿರ ಜಗಳವಾಡುವವರು ಇದನ್ನು ನೆನಪಿಡಬೇಕು. ಮತ್ತೊಬ್ಬ, ಗುವೋ ಜೂ ಎಂಬವನು, ಬಡವ. ಅವನ ಮುದಿ ತಾಯಿ ತನ್ನ ಪಾಲಿನ ಅನ್ನವನ್ನು ಮೊಮ್ಮಗನಿಗೆ ಕೊಡುತ್ತಾಳೆ. ತಾಯಿಗೆ ಅನ್ನ ಕಡಿಮೆಯಾಯಿತೆಂದು ಇವನು ತನ್ನ ಮೂರು ವರ್ಷದ ಮಗನನ್ನು ಜೀವಂತ ಹೂಳಲು ಗುಂಡಿ ತೋಡುತ್ತಾನೆ. ಗುಂಡಿಯಲ್ಲಿ ಚಿನ್ನ ಸಿಗುತ್ತದೆ, ಮಗು ಉಳಿಯುತ್ತದೆ.

ನಮಗೂ ಇದು ಹೊಸದಲ್ಲ. ಸಿರಿಯಾಳ ಚಂಗಳೆಯರ ಕಥೆ ನಮ್ಮಲ್ಲಿದೆ. ಊರ ಕೆರೆಗೆ ನೀರು ಬರಲೆಂದು ಸೊಸೆಯನ್ನು ಬಲಿಕೊಟ್ಟ ಹಾಡನ್ನು ನಮ್ಮ ಅಜ್ಜಿಯರು ಹಾಡಿದ್ದಾರೆ. ಚೀನಾದಲ್ಲಿ ಮರುಮದುವೆಯಾಗದ ವಿಧವೆಯರಿಗೆ ಕಲ್ಲಿನ ಕಮಾನು ಕಟ್ಟಿಸಿ ಊರೆಲ್ಲ ಹೊಗಳಿತು. ನಮ್ಮ ಹಳ್ಳಿಗಳ ಹೊರಗೆ ಮಾಸ್ತಿಕಲ್ಲುಗಳು ನಿಂತಿವೆ. ಎರಡು ಕಡೆಯೂ ಕಲ್ಲು ನಿಲ್ಲಿಸಿದವರು ಗಂಡಸರು.

ಗುವೋ ಜೂನ ಕಥೆಗೆ ಸರಿಯಾದ ಉತ್ತರ ಕೊಟ್ಟವನು ಲೂ ಶ್ಯುನ್. ಆಧುನಿಕ ಚೀನೀ ಸಾಹಿತ್ಯದಲ್ಲಿ ದೊಡ್ಡ ಹೆಸರು. ನನಗೆ ಆತನ ಮೇಲೆ ವಿಶೇಷ ಪ್ರೀತಿ, ಏಕೆಂದರೆ ಆತ ಜಪಾನಿನ ಸೆಂಡೈಯಲ್ಲಿ ವೈದ್ಯಕೀಯ ಓದಲು ಸೇರಿ 1906ರಲ್ಲಿ ಬಿಟ್ಟುಬಿಟ್ಟ. ಆ ಧೈರ್ಯ ನನಗಿರಲಿಲ್ಲ. 1926ರ ಒಂದು ಪ್ರಬಂಧದಲ್ಲಿ ಆತ ಬಾಲ್ಯದಲ್ಲಿ ಈ ಕಥೆ ಓದಿದಾಗ ಆದ ಭಯವನ್ನು ನೆನೆಯುತ್ತಾನೆ. ಮನೆಯಲ್ಲಿ ಬಡತನ ಬರುತ್ತಿತ್ತು, ಅಜ್ಜಿ ಬದುಕಿದ್ದಳು. ತನ್ನ ಅಪ್ಪನೂ ಆದರ್ಶ ಮಗನಾಗಿಬಿಟ್ಟರೆ ಗುಂಡಿಗೆ ಹೋಗಬೇಕಾದವನು ತಾನೇ ತಾನೆ! ಅದಕ್ಕೂ ಮೊದಲು 1918ರಲ್ಲಿ ಬಂದ ಆತನ ಹುಚ್ಚನ ದಿನಚರಿಯ ಕಥೆ, ಧರ್ಮ ನೀತಿಗಳ ಸಾಲುಗಳ ನಡುವೆ ಮನುಷ್ಯರನ್ನು ತಿನ್ನುವ ಸಮಾಜವನ್ನು ಕಂಡಿತು. 1919ರ ಮೇ ನಾಲ್ಕರ ಚಳವಳಿಯ ತರುಣರು ಕನ್‌ಫ್ಯೂಷಿಯಸ್‌ನ ಅಂಗಡಿ ಮುಚ್ಚಿ ಎಂದರು. 1966ರ ನವೆಂಬರಿನಲ್ಲಿ ಮಾವೋನ ಕೆಂಪು ದಳದ ಹುಡುಗರು ಚೂಫುವಿಗೆ ನುಗ್ಗಿ ಆತನ ವಂಶದವರ ಸಮಾಧಿಗಳನ್ನೇ ಅಗೆದರು.

ಇಷ್ಟಾದ ಮೇಲೂ ಆತ ಹೋಗಲಿಲ್ಲ. 1980ರ ಹೊತ್ತಿಗೆ ಜಾರಿಗೆ ಬಂದ ಒಂದೇ ಮಗುವಿನ ಕಟ್ಟಳೆಯಿಂದ ಒಬ್ಬ ಮಗನ ಹೆಗಲ ಮೇಲೆ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ ಅಜ್ಜಿಯರು ಬಿದ್ದರು. ಆಗ ಅದೇ ಸರ್ಕಾರಕ್ಕೆ ಶ್ಯಾವ್ ನೆನಪಾಯಿತು. 2013ರ ಜುಲೈ 1ರಂದು ಜಾರಿಗೆ ಬಂದ ಕಾನೂನಿನಲ್ಲಿ, ಬೇರೆ ವಾಸಿಸುವ ಮಕ್ಕಳು ಹಿರಿಯರನ್ನು ಆಗಾಗ ನೋಡಿಬರಬೇಕು ಅಥವಾ ವಿಚಾರಿಸಿಕೊಳ್ಳಬೇಕು ಎಂದು ಬರೆದಿದೆ. ನಮ್ಮ ದೇಶದಲ್ಲೂ 2007ರಲ್ಲಿ ತಂದೆತಾಯಿಗಳ ಪೋಷಣೆಯ ಕಾಯಿದೆ ಬಂತು. ಆದರೆ ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆ ಜಾನ್ಸ್ ಕ್ರೀಕ್‌ನಲ್ಲಿರುವ ಮಗನನ್ನು ಯಾವ ಕಾಯಿದೆ ಹಿಡಿದೀತು?

ಈಗ ನನ್ನ ಕಸುಬಿನ ಮಾತು. ವಿವರಗಳನ್ನು ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ, ರೋಗಿಯ ಗುಟ್ಟು ಕಾಯುವುದು ನನ್ನ ಧರ್ಮ. ಎಂಬತ್ತರ ಹತ್ತಿರದ ಚೀನೀ ಹೆಂಗಸು. ಮಗ ಇಂಜಿನಿಯರು, ಇಲ್ಲೇ ನದಿಯಾಚೆ ಡುಲೂತ್‌ನಲ್ಲಿ ಮನೆ. ಸ್ಕ್ಯಾನ್‌ನಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಗೆಡ್ಡೆ ಕಾಣಿಸಿತು. ಮಗ ನನ್ನನ್ನು ಕಾರಿಡಾರಿಗೆ ಕರೆದು, ಅಮ್ಮನಿಗೆ ಹೇಳಬೇಡಿ ಡಾಕ್ಟರೇ, ತಿಳಿದರೆ ಎದೆಗುಂದಿ ಹೋಗಿಬಿಡುತ್ತಾರೆ, ಏನಿದ್ದರೂ ನನಗೆ ಹೇಳಿ ಎಂದು ಕೈ ಹಿಡಿದುಕೊಂಡ.

ಅಮೆರಿಕದ ಪದ್ಧತಿಯಲ್ಲಿ ಇದಕ್ಕೆ ಉತ್ತರ ಸುಲಭ: ರೋಗ ರೋಗಿಯದು, ವಿಷಯವೂ ರೋಗಿಯದು. ಆದರೆ ಇದು ಇಲ್ಲಿಯೂ ಅನಾದಿ ಕಾಲದ ನಿಯಮವಲ್ಲ. 1961ರಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಅಮೆರಿಕದ ವೈದ್ಯರೇ ನೂರಕ್ಕೆ ಸುಮಾರು 90 ಮಂದಿ, ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಲೇಸೆಂದಿದ್ದರು. 1979ರ ಹೊತ್ತಿಗೆ ಅದು ತಿರುಗಿಬಿದ್ದು, 97 ಮಂದಿ ಹೇಳುತ್ತೇವೆ ಎಂದರು. 1995ರಲ್ಲಿ ಲಾಸ್ ಏಂಜಲೀಸ್‌ನ ಹಿರಿಯರನ್ನು ಕೇಳಿದಾಗ, ಹರಡಿದ ಕ್ಯಾನ್ಸರಿನ ವಿಷಯ ರೋಗಿಗೆ ತಿಳಿಸಬೇಕು ಎಂದವರು ಯೂರೋಪ್ ಮೂಲದವರಲ್ಲಿ ನೂರಕ್ಕೆ 87, ಕೊರಿಯಾ ಮೂಲದವರಲ್ಲಿ 47. ಕನ್‌ಫ್ಯೂಷಿಯಸ್ ಪರಂಪರೆ ಕೊರಿಯಾದಲ್ಲೂ ಆಳವಾಗಿ ಬೇರುಬಿಟ್ಟದ್ದು. ಅಲ್ಲಿ ರೋಗ ಬರುವುದು ಒಬ್ಬರಿಗಲ್ಲ, ಮನೆಗೆ. ಚೀನೀ ಮೂಲದ ನಿರ್ದೇಶಕಿ ಲೂಲೂ ವಾಂಗ್ 2019ರಲ್ಲಿ ತನ್ನ ಅಜ್ಜಿಯ ವಿಷಯದಲ್ಲೇ ನಡೆದ ಇಂಥ ಮುಚ್ಚುಮರೆಯನ್ನು ಸಿನಿಮಾ ಮಾಡಿದಳು. ನೋಡಿಲ್ಲದವರು ನೋಡಿ.

ನಾನು ತಕ್ಷಣ ಉತ್ತರ ಕೊಡಲಾರದೆ ನಿಂತೆ. ಕಾರಣ, ಆ ಕಾರಿಡಾರಿನಲ್ಲಿ ನನಗೆ ಕಂಡದ್ದು ಆ ಮಗನಲ್ಲ, ನನ್ನ ಅಣ್ಣ.

2008ರಲ್ಲಿ ನಾನು ಕ್ಯಾರೊಲೈನಾದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದೆ. ಪ್ರತಿ ಭಾನುವಾರ ಅರಸೀಕೆರೆಗೆ ಫೋನು. ಅಪ್ಪ ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾಗಿದ್ದರು. ಊಟ ಸೇರುತ್ತಿಲ್ಲ, ಗ್ಯಾಸ್ ಟ್ರಬಲ್ ಎನ್ನುತ್ತಿದ್ದರು. ನಾನು ಮಾತ್ರೆಯ ಹೆಸರು ಹೇಳುತ್ತಿದ್ದೆ. ಬೇರೆಯವರ ತಂದೆಯಾಗಿದ್ದರೆ ತೂಕ ಎಷ್ಟಿಳಿದಿದೆ ಎಂದು ಮೊದಲ ಪ್ರಶ್ನೆ ಕೇಳುತ್ತಿದ್ದೆ, ಅಪ್ಪನನ್ನು ಕೇಳಲಿಲ್ಲ. ಅದು ಜಠರದ ಕ್ಯಾನ್ಸರ್ ಎಂದು ಅಣ್ಣನಿಗೆ ನಾಲ್ಕು ತಿಂಗಳ ಮೊದಲೇ ತಿಳಿದಿತ್ತು. ಅಪ್ಪನಿಗೆ ಹೇಳಲಿಲ್ಲ, ಹೆದರುತ್ತಾರೆಂದು. ನನಗೆ ಹೇಳಲಿಲ್ಲ, ಪರೀಕ್ಷೆ ಕೆಡುತ್ತದೆ, ವೀಸಾ ತೊಂದರೆಯಾಗುತ್ತದೆ ಎಂದು. ವಿಷಯ ತಿಳಿದು ಫ್ರಾಂಕ್‌ಫರ್ಟ್ ಮೂಲಕ ಬೆಂಗಳೂರಿಗೆ ಬಂದು ಕಾರು ಹಿಡಿದು ಊರು ಸೇರಿದಾಗ ಎಲ್ಲಾ ಮುಗಿದಿತ್ತು. ಅಣ್ಣನ ಜೊತೆ ನಾನು ಎರಡು ವರ್ಷ ಸರಿಯಾಗಿ ಮಾತನಾಡಲಿಲ್ಲ.

ಲೂನ್ಯೂ ಪುಸ್ತಕದಲ್ಲಿ ಜೈ ವೋ ಎಂಬ ಶಿಷ್ಯ, ತಂದೆತಾಯಿ ಸತ್ತರೆ ಮೂರು ವರ್ಷದ ದುಃಖಾಚರಣೆ ತುಂಬಾ ದೀರ್ಘ, ಒಂದು ವರ್ಷ ಸಾಲದೇ ಎಂದು ಕೇಳುವ ಪ್ರಸಂಗವಿದೆ. ಅಷ್ಟರಲ್ಲೇ ಒಳ್ಳೆಯ ಅನ್ನ ಉಂಡು ರೇಷ್ಮೆ ಉಟ್ಟರೆ ನಿನ್ನ ಮನಸ್ಸಿಗೆ ನೆಮ್ಮದಿಯಿರುತ್ತದೋ ಎಂದು ಗುರು ಕೇಳುತ್ತಾನೆ. ಇರುತ್ತದೆ ಎನ್ನುತ್ತಾನೆ ಶಿಷ್ಯ. ಹಾಗಾದರೆ ಹಾಗೇ ಮಾಡು ಎನ್ನುತ್ತಾನೆ ಗುರು. ಅವನು ಹೊರಗೆ ಹೋದ ಮೇಲೆ, ಮಗು ತಂದೆತಾಯಿಯ ತೋಳಿನಿಂದ ಇಳಿಯಲು ಮೂರು ವರ್ಷ ಬೇಕಲ್ಲವೇ ಎಂದು ಕೊರಗುತ್ತಾನೆ. ಇದೇ ಮುಂದೆ ಕಟ್ಟಳೆಯಾಗಿ, ಅಧಿಕಾರಿಗಳು ಹುದ್ದೆ ಬಿಟ್ಟು ಇಪ್ಪತ್ತೇಳು ತಿಂಗಳು ಊರಲ್ಲಿರಬೇಕಾಯಿತು. 1577ರಲ್ಲಿ ಮಿಂಗ್ ಸಾಮ್ರಾಜ್ಯದ ಹಿರಿಯ ಮಂತ್ರಿ ಜಾಂಗ್ ಜೂಜೆಂಗ್ ತಂದೆ ಸತ್ತರೂ ಕುರ್ಚಿ ಬಿಡಲಿಲ್ಲವೆಂದು ದೊಡ್ಡ ಗಲಾಟೆಯಾಗಿ, ಆಕ್ಷೇಪಿಸಿದವರಿಗೆ ಆಸ್ಥಾನದಲ್ಲಿ ಛಡಿಯೇಟು ಬಿತ್ತು. ನನಗೆ ಸಿಕ್ಕಿದ್ದು ಐದು ದಿನದ ರಜೆ, ಅದರಲ್ಲಿ ಎರಡೂವರೆ ವಿಮಾನದಲ್ಲೇ ಕಳೆಯಿತು. ಹದಿಮೂರನೆಯ ದಿನದ ಕಾರ್ಯ ಅಣ್ಣನೊಬ್ಬನೇ ಮಾಡಿದ. ಆ ಗುರು ನನ್ನನ್ನು ಕೇಳಿದ್ದರೆ, ನೆಮ್ಮದಿಯಿತ್ತು ಎಂದು ಹೇಳುವ ಧೈರ್ಯವೂ ನನಗಿರಲಿಲ್ಲ.

ಮತ್ತೆ ಆ ಚೀನೀ ತಾಯಿಯ ವಿಷಯಕ್ಕೆ ಬರುತ್ತೇನೆ. ನಾನು ಸುಳ್ಳು ಹೇಳುವುದಿಲ್ಲ, ಆದರೆ ಅವರು ಕೇಳದ್ದನ್ನು ತಲೆಯ ಮೇಲೆ ಹೇರುವುದೂ ಇಲ್ಲ ಎಂದು ಮಗನಿಗೆ ಹೇಳಿದೆ. ದುಭಾಷಿಯನ್ನು ಫೋನಿನಲ್ಲಿ ಕರೆಸಿ, ಮಗನನ್ನು ಹೊರಗೆ ಕೂರಿಸಿ, ಆ ತಾಯಿಯನ್ನು ಕೇಳಿದೆ: ಕೆಲವರಿಗೆ ಎಲ್ಲವೂ ತಿಳಿಯಬೇಕು, ಕೆಲವರು ಮಗನೇ ನೋಡಿಕೊಳ್ಳಲಿ ಎನ್ನುತ್ತಾರೆ, ನಿಮಗೆ ಹೇಗಾಗಬೇಕು? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಳಬೇಡಿ ಎಂದು ಮಗ ಹೇಳಿದನೋ ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಆಕೆ ನಕ್ಕರು. ತನಗೆ ಗೊತ್ತಿದೆ, ಊರಿನಲ್ಲಿ ತನ್ನ ಅಕ್ಕನಿಗೂ ಹೀಗೇ ಆಗಿತ್ತು, ಚುಚ್ಚುವುದು ಕೊಯ್ಯುವುದು ಬೇಡ, ನೋವಿಗೆ ಔಷಧಿ ಕೊಡಿ ಸಾಕು ಎಂದರು. ಕೊನೆಯಲ್ಲಿ ಇನ್ನೊಂದು ಮಾತು: ನನಗೆ ಗೊತ್ತಿದೆಯೆಂದು ಮಗನಿಗೆ ಹೇಳಬೇಡಿ, ಪಾಪ, ಹೆದರುತ್ತಾನೆ.

ತಂದೆಯ ತಪ್ಪನ್ನು ಮಗ, ಮಗನ ತಪ್ಪನ್ನು ತಂದೆ ಮುಚ್ಚಿಟ್ಟರೆ ಅದರೊಳಗೂ ಒಂದು ಪ್ರಾಮಾಣಿಕತೆ ಇದೆ ಎಂದು ಕನ್‌ಫ್ಯೂಷಿಯಸ್ ವಾದಿಸಿದ್ದುಂಟು. ಕುರಿ ಕದ್ದ ತಂದೆಯ ವಿರುದ್ಧ ಸಾಕ್ಷಿ ಹೇಳಿದ ಮಗನ ಪ್ರಸಂಗ ಅದು. ಎರಡು ಸಾವಿರ ವರ್ಷದಿಂದ ಪಂಡಿತರು ಅದರ ಮೇಲೆ ಜಗಳವಾಡಿದ್ದಾರೆ. 2012ರಲ್ಲಿ ತಿದ್ದಿದ ಚೀನಾದ ಕಾನೂನಿನಲ್ಲಿ ಗಂಡ ಹೆಂಡತಿ, ತಂದೆತಾಯಿ, ಮಕ್ಕಳನ್ನು ಬಲವಂತವಾಗಿ ನ್ಯಾಯಾಲಯಕ್ಕೆ ಎಳೆತಂದು ಸಾಕ್ಷಿ ಹೇಳಿಸುವಂತಿಲ್ಲ ಎಂದು ಸೇರಿಸಿದರು. ಆದರೆ ಕುರಿಯ ಕಳವು ಬೇರೆ, ಕ್ಯಾನ್ಸರ್ ಬೇರೆ. ಮುಚ್ಚಿಟ್ಟದ್ದರಿಂದ ನನ್ನ ಅಪ್ಪನಿಗೆ ಯಾರನ್ನು ಕರೆಸಬೇಕು, ಏನು ಹೇಳಬೇಕು ಎಂದು ಯೋಚಿಸುವ ಅವಕಾಶವೇ ತಪ್ಪಿತು ಎಂಬುದು ನನ್ನ ಸಿಟ್ಟಾಗಿತ್ತು. ಆ ಚೀನೀ ತಾಯಿಯ ಮಾತು ಕೇಳಿದ ಮೇಲೆ ಒಂದು ಸಂಶಯ ಶುರುವಾಯಿತು: ಅಪ್ಪನಿಗೂ ಗೊತ್ತಿತ್ತೇ? ಗೊತ್ತಿದ್ದೇ ಭಾನುವಾರ ಭಾನುವಾರ ಗ್ಯಾಸ್ ಟ್ರಬಲ್ ಎನ್ನುತ್ತಿದ್ದರೇ? ಅಣ್ಣನಿಗೆ ಅಂದು ರಾತ್ರಿಯೇ ಫೋನ್ ಮಾಡಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನನಗೂ ಹಾಗೇ ಅನ್ನಿಸುತ್ತೆ ಕಣೋ" ಎಂದ.

ಇನ್ನೊಂದೇ ಮಾತು. ತಂದೆತಾಯಿ ಬದುಕಿರುವಾಗ ಮಕ್ಕಳು ದೂರ ಹೋಗಬಾರದು, ಹೋಗಲೇಬೇಕಾದರೆ ಎಲ್ಲಿದ್ದೇವೆಂದು ಅವರಿಗೆ ಖಚಿತವಾಗಿ ತಿಳಿದಿರಬೇಕು ಎಂದು ಆ ಮುದುಕ ಮೇಷ್ಟ್ರು ಹೇಳಿದ್ದಾನೆ. ಅರ್ಧ ಮಾತನ್ನು ನಾವು ಇಲ್ಲಿರುವ ಎಲ್ಲರೂ ಮುರಿದಿದ್ದೇವೆ. ಉಳಿದರ್ಧಕ್ಕೆ ನನ್ನ ಅಪ್ಪನೇ ವ್ಯವಸ್ಥೆ ಮಾಡಿಕೊಂಡಿದ್ದರು. ಊರಿನ ಮನೆಯಲ್ಲಿ ಫೋನಿನ ಪಕ್ಕದ ಗೋಡೆಯ ಮೇಲೆ, ತಮ್ಮ ಮೇಷ್ಟರ ದುಂಡು ಅಕ್ಷರದಲ್ಲಿ, ಪೆನ್ಸಿಲಿನಿಂದ ನನ್ನ ಅಪಾರ್ಟ್‌ಮೆಂಟಿನ ನಂಬರು, ಆಸ್ಪತ್ರೆಯ ಪೇಜರ್ ನಂಬರು, ಅದರ ಕೆಳಗೆ ಅಲ್ಲಿಗೂ ಇಲ್ಲಿಗೂ ಗಂಟೆ ಎಷ್ಟು ಹಿಂದೆ ಮುಂದೆ ಎಂಬುದನ್ನು ಬೇಸಿಗೆಗೊಂದು ಚಳಿಗಾಲಕ್ಕೊಂದು ಲೆಕ್ಕ ಹಾಕಿ ಬರೆದಿದ್ದರು. ಆ ನಂಬರುಗಳಲ್ಲಿ ಒಂದೂ ಈಗ ನಡೆಯುವುದಿಲ್ಲ. ಕಳೆದ ದೀಪಾವಳಿಗೆ ಮನೆಗೆ ಸುಣ್ಣ ಬಣ್ಣ ಮಾಡಿಸಿದಾಗ ಅಣ್ಣ ಆ ಒಂದು ಮೊಳ ಗೋಡೆಯನ್ನು ಹಾಗೇ ಬಿಡಿಸಿದ್ದಾನೆ.

ಹೊರಗೆ ಬಿಸಿಬೇಳೆ ಬಾತ್ ಆರುತ್ತಿದೆ ಎಂದು ಸಮಿತಿಯವರು ಸನ್ನೆ ಮಾಡುತ್ತಿದ್ದಾರೆ.